ಸೀಟು ಬಿಚ್ಚಿದಾಗ

ಮಂಡಿ ಮೊಹಲ್ಲಾದ ನನ್ನ ಶೆಡ್ಡಿಗೆ
ಎರಡನ್ನೂ ತಂದು ನಿಲ್ಲಿಸಿ ಚಿಕ್ಕರಾಜೇ ಅರಸರು ಕೇಳಿದರು:
"ಯಾವುದು ಮೇಲು, ಹೇಳು ನೋಡೋಣ ಖಲಂದರ್."
ಮೂವತ್ತಾರರ ಮಾರಿಸ್. ಎಪ್ಪತ್ತಾರರ ಪದ್ಮಿನಿ.

ಎಂಜಿನ್ನಿನ ಮಾತು ನನಗೆ ತಿಳಿಯದು,
ನಾನು ಸೀಟು ಹೊಲಿಯುವವ.

ಮಾರಿಸ್ಸಿನದು ಅಪ್ಪಟ ತೊಗಲು, ಒಳಗೆ ಕುದುರೆಕೂದಲು;
ಬಿಚ್ಚಿದರೆ ಇನ್ನೂ ಲಾಯದ ವಾಸನೆ.
ಮುಂದಿನ ಎಡಸೀಟು ಹೊಸದರ ಹಾಗಿದೆ, ಯಾರೂ ಕೂತಿಲ್ಲ.
ಸವೆದದ್ದು ಹಿಂದೆ,
ಕಿಟಕಿಗೆ ಪರದೆ ಕಟ್ಟುವ ಕೊಂಡಿ ಇದೆಯಲ್ಲ, ಅದರ ಪಕ್ಕ,
ಬಾಗಿ ಬಾಗಿ ಸಂದಿಯಲ್ಲಿ ಊರು ನೋಡಿದವರ ಭಾರಕ್ಕೆ.

ಪದ್ಮಿನಿಯದು ರೆಕ್ಸಿನ್ನು, ತೆಂಗಿನ ನಾರು.
ಬಿಸಿಲಿಗೆ ತೊಡೆ ಸುಡುತ್ತದೆ, ಹೊಲಿಗೆ ಬಿಟ್ಟಲ್ಲಿ ಸ್ಪ್ರಿಂಗು ಚುಚ್ಚುತ್ತದೆ.
ಮುಂದೆ ಒಂದೇ ಉದ್ದ ಸೀಟು,
ನಡುವೆ ಮಗುವಿನಷ್ಟು ಸಣ್ಣ ತಗ್ಗು.
ಸ್ಟೇರಿಂಗಿನ ಕಡೆ ನಾರಿಗೆ ಕೈ ಹಾಕಿದರೆ ಸಿಕ್ಕಿದ್ದು
ತುಕ್ಕು ತಿಂದ ಒಂದು ಹೇರ್‌ಪಿನ್ನು,
ಶ್ರೀರಂಗಪಟ್ಟಣದ ಪೆಟ್ರೋಲು ಚೀಟಿ: ಐದು ಲೀಟರು.

"ಏನಾದರೂ ಸಿಕ್ಕಿತೇನೋ?" ಅಂದರು ಅರಸರು.
ತೊಗಲಿಗೆ ಮೊದಲು ಎಣ್ಣೆ ಕುಡಿಸಬೇಕು ಬುದ್ಧಿ, ಅಂದೆ.

ಪಿನ್ನು ಇದ್ದಲ್ಲೇ ಇಟ್ಟು ಹೊಲಿದೆ.
ಬಿಲ್ಲಿನಲ್ಲಿ ಅದರ ಸುದ್ದಿ ಇಲ್ಲ.