ಇಳಿತವೂ ಹತ್ತಕ್ಕೆ, ಪರೀಕ್ಷೆಯೂ ಹತ್ತಕ್ಕೆ

ಕರೆಂಟು ಹೋಗಿದೆ. ಜಂಬಿಯಾನಿಯ ದಂಡೆಗುಂಟ
ಹೋಟೆಲುಗಳ ಜನರೇಟರಿಗೆ ಮಾತ್ರ ನಿದ್ದೆಯಿಲ್ಲ.
ಮೊಬೈಲಿನ ಬೆಳಕಲ್ಲಿ ಅಮ್ಮ ಕೂತು
ಹಗ್ಗಕ್ಕೆ ಕಡಲಪಾಚಿಯ ಎಳೆ ಬಿಗಿಯುತ್ತಾಳೆ,
ಗೇಣಿಗೊಂದು ಗಂಟು.
ನಾನೂ ಕಟ್ಟಬೇಕು, ಜೊತೆಗೆ ಓದಬೇಕು,
ಇಂಗ್ಲಿಷಿನಲ್ಲಿ ಓದಿ ಸ್ವಾಹಿಲಿಯಲ್ಲಿ ಬಿಡಿಸಿ ಹೇಳಬೇಕು.
ಅದು ಅವಳ ಷರತ್ತು:
'ನಿನ್ನ ಫೀಸು ಕಟ್ಟಿದ್ದು ಈ ಗಂಟುಗಳು,
ಅವಕ್ಕೂ ಕೇಳಿಸಲಿ.'

ಧಾರಣಾ ಸಾಮರ್ಥ್ಯ, ಎಂದೆ.
ಒಂದು ಜಾಗ ತಾನು ಕೆಡದೆ
ಎಷ್ಟು ಪ್ರವಾಸಿಗರನ್ನು ಹೊರಬಲ್ಲದೋ, ಆ ಲೆಕ್ಕ.
ಅಮ್ಮ ಸಿಂಬಿ ಸವೆಸಿದ ನೆತ್ತಿ ಮುಟ್ಟಿಕೊಂಡಳು.
'ಒದ್ದೆ ಪಾಚಿಯಾದರೆ ಅರ್ಧ ಚೀಲ, ಒಣಗಿದ್ದಾದರೆ ಎರಡು.
ಹೊರುವವಳನ್ನು ಕೇಳಿದರಾಯಿತು, ಲೆಕ್ಕ ಯಾಕೆ?'
ಹೊರುವವಳನ್ನು ಕೇಳಿ ಅಂತ ಬರೆದರೆ
ವುವಾಯಿ ಮೇಷ್ಟ್ರು ಸೊನ್ನೆ ಸುತ್ತುತ್ತಾರೆ.
ಅವರಿಗೆ ಬೇಕಾದ್ದು ಐದು ಅಂಶ.

ಪೀಕ್ ಸೀಸನ್ನಿಗೆ ಅವಳೇ ಉತ್ತರ ಹೇಳಿದಳು.
ಕಾಸ್ಕಾಜಿ ಗಾಳಿ ತಿರುಗುತ್ತದೆ, ನೀರು ಕಾಯುತ್ತದೆ,
ಪಾಚಿ ಬೆಳ್ಳಗಾಗಿ ಹಗ್ಗದಿಂದ ಕಳಚಿ ಬೀಳುತ್ತದೆ.
ಆಗಲೇ ಅವರ ಕೋಣೆಗಳೆಲ್ಲ ಭರ್ತಿ.
'ಅವರ ಸುಗ್ಗಿ, ನಮ್ಮ ಖಾಲಿ ಹಗ್ಗ. ಬರಕೋ.'

ಮುಂದಿನದು ನೋ-ಶೋ.
ಬರುತ್ತೇನೆಂದು ಜಾಗ ಕಾದಿರಿಸಿ,
ಹೇಳದೆ ಕೇಳದೆ, ಬಾರದೆ ಇದ್ದವನು.
ಅಮ್ಮ ಮೂರು ಗಂಟು ಹಾಕುವಷ್ಟು ಹೊತ್ತು ಸುಮ್ಮನಿದ್ದಳು.
'ಅಡ್ವಾನ್ಸು ಕೊಟ್ಟಿರುತ್ತಾನಾ?'
ಕೆಲವರು ಕೊಟ್ಟಿರುತ್ತಾರೆ.
'ಮತ್ತೆ ಪರವಾಗಿಲ್ಲ ಬಿಡು.'
ಅಪ್ಪ ಟಾಂಗಾದ ದೋಣಿ ಹತ್ತಿದಾಗ
ನಾನು ಅವಳ ಹೊಟ್ಟೆಯಲ್ಲಿ ಐದು ತಿಂಗಳು.

ಸೋರಿಕೆ ಎಂದರೆ:
ಪ್ರವಾಸಿ ಇಲ್ಲಿ ಸುರಿದ ನೂರರಲ್ಲಿ
ಊರು ಬಿಟ್ಟು ಹೊರಗೆ ಹೋಗುವ ಪಾಲು.
ಈ ಸಲ ಅಮ್ಮ ಕೈ ನಿಲ್ಲಿಸಿದಳು.
'ಅವರ ಟೊಮೇಟೊ ಎಲ್ಲಿಂದ ಬರುತ್ತೆ?'
ವಿಮಾನದಲ್ಲಿ.
'ಈಜುಕೊಳದ ನೀರು?'
ನಮ್ಮ ಬಾವಿಯದೇ.
'ಬಾಡಿಗೆ ದುಡ್ಡು?'
ಎಲ್ಲಿ ಬುಕ್ ಮಾಡಿದರೋ ಅಲ್ಲೇ ಉಳಿಯುತ್ತೆ.
'ಹಾಗಾದರೆ ನಿನ್ನ ಪುಸ್ತಕ ತಪ್ಪು ಕಣೆ.
ಸೋರುವುದು ಅಂದರೆ ಯಾರಿಗೂ ತಿಳಿಯದ ಹಾಗೆ ಹೋಗುವುದು,
ನಮ್ಮ ಮಾಡಿನ ಹಾಗೆ.
ಇದಕ್ಕೆ ಪೈಪು ಹಾಕಿದ್ದಾರೆ.'

ನೈಜ ಅನುಭವ ಅನ್ನುವ ಪದವನ್ನು ನಾನು ಹಾರಿಸಿಬಿಟ್ಟೆ.
ಸುಬೀರಾ ಚಿಕ್ಕಮ್ಮನ ನೆನಪಾಯಿತು.
ಪಾಚಿಯಿಲ್ಲದ ತಿಂಗಳಲ್ಲೂ ಅವಳು
ಗೈಡು ಸೀಟಿ ಹೊಡೆದ ಕೂಡಲೆ
ಹಳೇ ಹಗ್ಗ ಹಿಡಿದು ನೀರಿಗಿಳಿಯುತ್ತಾಳೆ,
ಕ್ಯಾಮೆರಾಗಳು ಸಾಕೆನ್ನುವ ತನಕ ಬಗ್ಗಿರುತ್ತಾಳೆ.
ನಾಟಕ ಅಂತ ಯಾರೋ ಆಡಿಕೊಂಡಾಗ ಅಂದಿದ್ದಳು:
'ಸೊಂಟನೋವು ನಾಟಕದ್ದಲ್ಲ.'

ಒಂದೇ ಕೋಣೆಯನ್ನು ಇಬ್ಬರಿಗೆ ಕೊಟ್ಟರೆ ಓವರ್‌ಬುಕಿಂಗ್.
'ಆಗ ಯಾರನ್ನು ಹೊರಗೆ ಕಳಿಸುತ್ತಾರೆ?'
ತಡವಾಗಿ ಬಂದವರನ್ನು.
ನಾಳೆ ಹುಣ್ಣಿಮೆಯ ಇಳಿತ ಹತ್ತಕ್ಕೆ. ಪರೀಕ್ಷೆಯೂ ಹತ್ತಕ್ಕೆ.
ನಲವತ್ತು ಹಗ್ಗ, ಇಬ್ಬರು ಎಳೆಯುವ ಕೆಲಸ.
'ಕಡಲು ನಿನಗಿಂತ ಮೊದಲು ಬಂದದ್ದು' ಎಂದಳು ಅಮ್ಮ,
ಎಂದವಳೇ ನನ್ನ ಕೈಯ ಹಗ್ಗ ಕಿತ್ತುಕೊಂಡು
ತನ್ನ ತೊಡೆಯ ಮೇಲೆ ಹಾಸಿಕೊಂಡಳು.
'ನೀನು ಬರೀ ಓದು.'

ಮೊಬೈಲಿನಲ್ಲಿ ಹನ್ನೊಂದು ಪರ್ಸೆಂಟು.
'ಆರಿಸು, ಬೆಳಿಗ್ಗೆ ಬಸ್ಸಿನವನಿಗೆ ಫೋನು ಮಾಡಬೇಕು.
ಗಂಟು ನನ್ನ ಕೈಗೆ ಗೊತ್ತು, ನಿನ್ನ ಬಾಯಿಗೆ ಪಾಠ ಗೊತ್ತಿರಲಿ.'
ಕತ್ತಲಲ್ಲಿ ಒಂದರಿಂದ ಶುರು ಮಾಡಿದೆ.
ಧಾರಣಾ ಸಾಮರ್ಥ್ಯ, ಐದು ಅಂಶ.
ನಾಲ್ಕನೆಯದು ಮರೆತು ತಡವರಿಸುವಾಗ
ಅವಳು ನಡುವೆ ಬಾಯಿ ಹಾಕಿದಳು:
'ಆ ಬಾರದವನಿಗೆ ಏನಂದೆ?'
ನೋ-ಶೋ.
'ನೋ-ಶೋ' ಎಂದಳು ಅಮ್ಮ.
ಇನ್ನೊಮ್ಮೆ, ನಿಧಾನವಾಗಿ, 'ನೋ... ಶೋ.'
ಹಲ್ಲಿನಲ್ಲಿ ದಾರ ಕಡಿದ ಸದ್ದು ಕೇಳಿಸಿತು.