ತಿದ್ದುಪಡಿ

ಕೆರೆಗೆ ಈಗ ಗೇಟು ಬಂದಿದೆ, ಟಿಕೇಟು ಬಂದಿದೆ,
ಕಲ್ಲು ಹಾಸಿದ ದಾರಿ, ಸಿಮೆಂಟಿನ ಕೊಕ್ಕರೆ,
ಕಸಕ್ಕೆ ಬಾಯಿ ತೆರೆದು ಕೂತ ಮೊಲ.
ಗೇಟಿನ ಬಲಕ್ಕೆ, ಎಂಟಡಿ ನಾಲ್ಕಡಿ ತಗಡಿನ ಮೇಲೆ
ನನ್ನ ಕೈಯ ಹನ್ನೆರಡು ಹಕ್ಕಿ.
ಕೆಳಗೆ ಮೂಲೆಯಲ್ಲಿ, ಸಣ್ಣಗೆ:
ದಸ್ತಗೀರ್ ಆರ್ಟ್ಸ್, ದುರ್ಗಿಗುಡಿ, ಶಿವಮೊಗ್ಗ.

ಫ್ಲೆಕ್ಸ್ ಬಂದ ಮೇಲೆ ಸಿಕ್ಕ ದೊಡ್ಡ ಕೆಲಸ ಇದೊಂದೇ.
ಆಫೀಸಿನವರು ಫೋನಿಗೆ ಫೋಟೋ ಕಳಿಸಿದ್ದರು,
ಒಂದೊಂದೂ ಹೆಬ್ಬೆರಳ ಉಗುರಿನಷ್ಟು.
ಹಿಗ್ಗಿಸಿ ಹಿಗ್ಗಿಸಿ ಮಸುಕಾದಲ್ಲೆಲ್ಲ
ತಲೆಗೆ ತೋಚಿದ್ದು ತುಂಬಿದೆ.
ನಾಮದ ಕೋಳಿಯ ಹಣೆಗೆ ಬಿಳಿ ಹಚ್ಚುವಾಗ ಮಾತ್ರ
ಕೈ ನಡುಗಿತು. ನಗಬೇಡಿ,
ಊರಿನ ಎಷ್ಟು ಗುಡಿಯ ಬೋರ್ಡಿಗೆ
ಸ್ಕೇಲಿಲ್ಲದೆ ಮೂರು ನಾಮ ಎಳೆದ ಕೈ ಇದು.

ಡಿಸೆಂಬರಿನ ಮೊದಲ ಭಾನುವಾರ
ಬಾಕಿ ದುಡ್ಡು ಕೇಳಲು ಹೋದವನನ್ನು
ಬೋರ್ಡಿನ ಮುಂದೆ ನಿಂತ ಹುಡುಗಿ ತಡೆದಳು.
ಜೀವಿತಾ, ಇರುವಕ್ಕಿಯಲ್ಲಿ ಓದುವವಳು,
ಕತ್ತಿಗೆ ದುರ್ಬೀನು, ಕಿವಿಗೆ ಮಫ್ಲರು.
"ಬರೆದವರು ನೀವಾ? ಅಂಕಲ್,
ಸೂಜಿಬಾಲದ ಬಾತಿನ ಕೊರಳಿಗೆ ಬಳೆ ತೊಡಿಸಿದ್ದೀರಿ."
ತಪ್ಪು ಅನ್ನಲಿಲ್ಲ. ದುರ್ಬೀನು ಕೊಟ್ಟಳು.

ಮೊದಲು ಕಂಡದ್ದು ನನ್ನದೇ ರೆಪ್ಪೆ.
ಆಮೇಲೆ ಮಂಜು. ಮಂಜಿನೊಳಗೆ ಮಂಜು.
ದೂರದಲ್ಲಿ ತಾಳಗುಪ್ಪದ ರೈಲು ಕೂಗಿತು,
ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿದಂತೆ
ಒಂದು ಮೂಲೆಯಿಂದ ಕೆರೆ ತಿಳಿಯಾಯಿತು.

ಅಗೋ.
ಕಾಫಿಪುಡಿ ಬಣ್ಣದ ತಲೆ. ಕತ್ತಿನ ಬಿಳುಪು
ಬಳೆಯಲ್ಲ, ಕೆಳಗಿಂದ ಮೇಲಕ್ಕೆ ಎಳೆದ ಗೆರೆ,
ಎದೆಯಲ್ಲಿ ಅಗಲ, ಏರುತ್ತ ಏರುತ್ತ ಸಪೂರ,
ಕಿವಿಯ ಹಿಂದೆ ಕೂದಲೆಳೆಯಾಗಿ ನಿಂತಿದೆ.
ಕುಂಚ ಎತ್ತಿದ ಜಾಗ ನನಗೆ ಗೊತ್ತು.
ನಲವತ್ತೊಂದು ವರ್ಷ, ಒಂದೊಂದು ಒತ್ತಕ್ಷರದ ಕೊನೆಗೂ
ಹೀಗೇ ಉಸಿರು ಕಟ್ಟಿ ಕೈ ತೆಗೆದವನು ನಾನು.
ಇದನ್ನು ಬರೆದವನು ಎರಡನೇ ಕೋಟು ಕೊಟ್ಟಿಲ್ಲ.

ಎಲ್ಲಿಂದ ಬರುತ್ತವಮ್ಮ ಎಂದೆ.
"ಹಿಮಾಲಯದ ಆಚೆಯಿಂದ," ಅಂದಳು, ಎಣಿಸುತ್ತಲೇ,
ಐವತ್ತೆಂಟು, ಐವತ್ತೊಂಬತ್ತು,
ಅಷ್ಟರಲ್ಲಿ ಜೊಂಡಿನ ಮೇಲೆ ಒಂದು ಸೆಳೆವ ತೇಲಿ ಬಂತು
ಇಡೀ ಕೆರೆ ಎದ್ದು ನಿಂತಿತು,
ಜವಳಿ ಅಂಗಡಿಯಲ್ಲಿ ಥಾನು ಹರಿದ ಸದ್ದು.
ಎಣಿಸಿದ್ದೆಲ್ಲ ನೀರುಪಾಲು.
ಅವಳು ಪುಟ ಮಗುಚಿ ಒಂದರಿಂದ ಶುರುಮಾಡಿದಳು.
ಯಾರನ್ನೂ ಬೈಯಲಿಲ್ಲ.

ಮೀನಿನ ಗುತ್ತಿಗೆಯ ಹಾಲೇಶಿ ಬಲೆ ಹೊತ್ತು ಬಂದವನು
ಬೋರ್ಡನ್ನು ಅಡಿಯಿಂದ ಮುಡಿಯವರೆಗೆ ನೋಡಿದ.
"ಈ ಗುಲಾಬಿ ಕಾಲಿನ ಜಿರಾಫೆ
ಯಾರ ಮದುವೆಗೆ ಬಂದಿತ್ತು ಇಲ್ಲಿ?"
ರಾಜಹಂಸ, ಬಣ್ಣ ಇರಲಿ ಅಂತ ಆಫೀಸಿನವರು, ಎಂದೆ.
"ಅದು ಬಿಡು. ಹೆಣ್ಣು ಬಾತನ್ನೆಲ್ಲಿ ಬಿಟ್ಟೆ ಮಾರಾಯ?
ಬರೇ ಗಂಡುಗಳು ಹಾರಿ ಬಂದಾವಾ ಅಷ್ಟು ದೂರ?"

ಮತ್ತೆ ದುರ್ಬೀನು ಎತ್ತಿದೆ.
ಇದ್ದವು. ಪ್ರತಿ ಕಾಫಿತಲೆಯ ಪಕ್ಕ
ಒಣಗಿದ ಜೊಂಡಿನ ಬಣ್ಣದ ಇನ್ನೊಂದು.
ಇಷ್ಟು ಹೊತ್ತು ಅದನ್ನು ನಾನು ದಡ ಅಂದುಕೊಂಡಿದ್ದೆ.
ಕಂದು, ಅದರ ಅಂಚಿಗೆ ತೆಳು ಕಂದು,
ಗರಿಗೊಂದು ಅಂಚು, ಅಂಚಿಗೊಂದು ಗರಿ.
ಕಪ್ಪು ಬಿಳುಪು ಯಾರಾದರೂ ಹಚ್ಚಿಯಾರು.

ಮುಂದಿನ ಭಾನುವಾರ ಸ್ಟೂಲು ತಂದೆ,
ಮೂರು ಡಬ್ಬಿ, ಅಳಿಲುಕೂದಲ ಸಣ್ಣ ಕುಂಚ.
ಬಳೆ ಬಿಚ್ಚಿ ಗೆರೆ ಎಳೆದದ್ದು ಹತ್ತು ನಿಮಿಷ.
ರಾಜಹಂಸದ ಮೇಲೆ ಹೆಣ್ಣು ಬಾತು ಬರೆಯಲು
ಸಂಕ್ರಾಂತಿಯವರೆಗೆ ಹಿಡಿಯಿತು.
ಎಷ್ಟು ಹಚ್ಚಿದರೂ ಒಳಗಿನ ಗುಲಾಬಿ
ಹೊಟ್ಟೆಯ ಹತ್ತಿರ ಸ್ವಲ್ಪ ಎದ್ದು ಬರುತ್ತದೆ.
ಬೆಳಗಿನ ಬಿಸಿಲು ಅಂತ ಬಿಟ್ಟಿದ್ದೇನೆ.

ಬಾಕಿ ದುಡ್ಡು ಇನ್ನೂ ಬಂದಿಲ್ಲ.
ಬಾತುಗಳು ಮಾರ್ಚಿಗೆ ಹೋಗುತ್ತವಂತೆ.