ಅರವತ್ತು

ಮಿಕ್ಸಿ ಕೊಂಡ ಕಾರ್ಡಿಗೆ ಕನಿಷ್ಠ ಮೊತ್ತ
ಮುನ್ನೂರ ನಲವತ್ತು. ಅಷ್ಟೇ. ಮರೆತೆ.
ಅವ್ವ ಬಚ್ಚಲಲ್ಲಿ ಜಾರಿದ ವಾರ ಅದು;
ಮಂಡ್ಯದ ಮಿಮ್ಸ್, ಮೂಳೆ ವಾರ್ಡು,
ಫೋನು ಚಾರ್ಜಿಗಿಡಲು ಪ್ಲಗ್ಗೂ ಇರಲಿಲ್ಲ.

ಆಮೇಲೆ ತಡವಾದದ್ದಕ್ಕೆ ದಂಡ,
ದಂಡಕ್ಕೆ ಬಡ್ಡಿ, ಬಡ್ಡಿಗೆ ತೆರಿಗೆ.
ಮಿಕ್ಸಿ ಮಾತ್ರ ಅದೇ ಮಿಕ್ಸಿ.

ದಿನಾ ಹತ್ತೂವರೆಗೆ ಒಬ್ಬಳು ಹುಡುಗಿಯ ಫೋನು,
ಕಲಬುರಗಿ ಕಡೆಯ ಮಾತು:
"ಮೇಡಮ್ರೀ, ಯಾವತ್ತ ಕಟ್ತೀರಿ?"
"ಕಟ್ತೀನಿ ಕಣವ್ವ" ಅನ್ನುತ್ತಿದ್ದೆ
ಬ್ಲೌಸಿಗೆ ಹುಕ್ಕು ಹೊಲಿಯುತ್ತ.
ಹನ್ನೊಂದನೆಯ ಸಲ ಅವಳೇ ತಡೆದು ಕೇಳಿದಳು:
"ನಿಮ್ಮ ಅವ್ವಂದು ಕಾಲು ಈಗ ಹ್ಯಾಂಗದರಿ?"
ನನ್ನ ತಮ್ಮನೂ ಕೇಳಿರಲಿಲ್ಲ.

ಕಟ್ಟಿದೆ, ಪೂರ್ತಿ. ಫೋನು ನಿಂತಿತು.

ಇವತ್ತು ವಿ.ವಿ. ರಸ್ತೆಯ ಬ್ಯಾಂಕಿನಲ್ಲಿ
ಓವರ್‌ಲಾಕ್ ಮೆಷೀನಿಗೆ ಸಾಲ ಕೇಳಿದರೆ
ಮ್ಯಾನೇಜರು ಪರದೆ ನನ್ನ ಕಡೆ ತಿರುಗಿಸಿದರು.
ತಿಂಗಳಿಗೊಂದು ಚೌಕ. ಸೊನ್ನೆ, ಸೊನ್ನೆ, ಸೊನ್ನೆ,
ನಡುವೆ ಮೂವತ್ತು,
ಪಕ್ಕದಲ್ಲಿ ಅರವತ್ತು.
"ಕಟ್ಟಿದ್ರೂ ಇದು ಅಳಿಸಲ್ಲಮ್ಮ,
ಇನ್ನೊಂದಷ್ಟು ವರ್ಷ ಇರ್ತದೆ."

ಆ ಅರವತ್ತನ್ನೇ ನೋಡಿದೆ.
ಅವ್ವ ಗೋಡೆ ಹಿಡಿದು ಮತ್ತೆ
ಮೊದಲ ಹೆಜ್ಜೆ ಇಟ್ಟದ್ದು
ಆ ಚೌಕದೊಳಗೇ.